ಪಡುಗಡಲ ಸಂಜೆ, ಮೂಡುಮಲೆಯ ಬೆಳಗು

ಕನ್ನಡದಲ್ಲಿ ದಿಕ್ಕುಗಳಿಗೆ ಹೆಸರಿಟ್ಟ ನಮ್ಮ ಪೂರ್ವಿಕರು ದಿಕ್ಸೂಚಿಯನ್ನು ನೋಡಿ ಇಟ್ಟವರಲ್ಲ, ಸೂರ್ಯನನ್ನು ನೋಡಿ ಇಟ್ಟವರು. ಅವನು ಮೂಡುವ ಕಡೆ ಮೂಡಣ. ಅವನು ಪಡುವ, ಎಂದರೆ ಬೀಳುವ ಕಡೆ ಪಡುವಣ. ಕರಾವಳಿಯಲ್ಲಿ ಈ ಎರಡು ಮಾತುಗಳು ಊರುಗಳ ಹಣೆಯ ಮೇಲೆಯೇ ಬರೆದಿರುವುವು. ಬಿದಿರಿನ ಹೆಸರನ್ನು ಹೊತ್ತ ಎರಡು ಊರುಗಳಲ್ಲಿ ಒಳನಾಡಿನದು ಮೂಡುಬಿದಿರೆ, ಕಡಲ ತಡಿಯದು ಪಡುಬಿದ್ರಿ. ಹೀಗೆ ಸೂರ್ಯನ ಹುಟ್ಟುಮುಳುಗುಗಳನ್ನು ದಿನಕ್ಕೆ ಹತ್ತು ಸಾರಿ ನಾಲಗೆಯ ಮೇಲೆ ಆಡಿಸುವ ಜನರು ಅವನ್ನು ಕಣ್ಣಾರೆ ಕಾಣುವುದು ವರ್ಷಕ್ಕೆ ಎಷ್ಟು ದಿನ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ದೂರದ ಊರುಗಳಿಂದ ಬಂದವರು ಒಳ್ಳೆಯ ಜಾಗ ಯಾವುದೆಂದು ವಿಚಾರಿಸುತ್ತಾರೆ. ಊರಿನವರು ಅಂಗಡಿ ಮುಂಗಟ್ಟುಗಳಿರುವ ಕಡೆಗೆ ಕೈ ತೋರಿಸಿ ಸುಮ್ಮನಾಗುತ್ತಾರೆ. ಆದಕಾರಣ ಈ ವಿಷಯದಲ್ಲಿ ನಾವು ಕಂಡುಕೊಂಡುದನ್ನು ನಾಲ್ಕು ಮಾತುಗಳಲ್ಲಿ ಗೃಹಸ್ಥರಾದ ವಾಚಕರ ಮುಂದೆ ಇಡುವೆವು.

ನಾವು ಮೂವತ್ತನಾಲ್ಕು ವರ್ಷ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ, ಈಗ ಕುಂದಾಪುರದ ಸಮೀಪದಲ್ಲಿರುವ ಹಿರಿಯರ ಮನೆಯಲ್ಲಿ ನೆಲಸಿರುವೆವು. ಮನೆಗೂ ಕಡಲಿಗೂ ಅರ್ಧ ಹರದಾರಿ. ರಾತ್ರಿ ಊರು ಮಲಗಿದ ಮೇಲೆ ತೆರೆಗಳ ಮೊರೆತ ಜಗಲಿಯ ವರೆಗೆ ಕೇಳಿಬರುತ್ತದೆ. ಆದರೂ ನಮ್ಮ ಮನೆಯಾಕೆ ಸೂರ್ಯಾಸ್ತಮಯವನ್ನು ನಿಶ್ಚಿಂತೆಯಾಗಿ ಕುಳಿತು ನೋಡಿದವರಲ್ಲ. ಸಂಜೆಯೆಂದರೆ ಹಟ್ಟಿಗೆ ಬಂದ ಹಸುವನ್ನು ಕಟ್ಟುವ ಹೊತ್ತು, ಹಾಲು ಕರೆಯುವ ಹೊತ್ತು, ಮಕ್ಕಳ ಕೈಕಾಲು ತೊಳೆಸುವ ಹೊತ್ತು, ದೇವರ ಮುಂದೆ ದೀಪ ಹಚ್ಚುವ ಹೊತ್ತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸೂರ್ಯನು ಮುಳುಗಿದನೆಂಬುದು ಗೃಹಿಣಿಗೆ ಗೊತ್ತಾಗುವುದು ಅಡಿಗೆಮನೆಯ ಕಿಟಕಿ ಕಪ್ಪಾದಾಗ.

ನಮ್ಮ ನಿವೃತ್ತಿಯ ವರ್ಷದಲ್ಲಿಯೇ ಆಕೆಗೆ ನಡೆಯುವಾಗ ಬಾಗಿಲಿನ ಚೌಕಟ್ಟು ಭುಜಕ್ಕೆ ತಗಲತೊಡಗಿತು. ನೇತ್ರವೈದ್ಯರು ಪರೀಕ್ಷಿಸಿ, ಇದು ಗ್ಲಾಕೋಮವೆಂದರು. ಕಣ್ಣಿನೊಳಗಿನ ದ್ರವದ ಒತ್ತಡದಿಂದ ದೃಷ್ಟಿನರವು ಸವೆಯುವ ರೋಗವಿದು. ಸಾಮಾನ್ಯವಾಗಿ ಮೊದಲು ಹೋಗುವುದು ಅಂಚಿನ ನೋಟ, ನಡುವಿನ ನೋಟ ಕೊನೆಯ ವರೆಗೆ ಉಳಿಯುತ್ತದೆ. ಆದುದರಿಂದಲೇ ರೋಗಿಗೆ ಬಹುಕಾಲ ಏನೂ ತಿಳಿಯುವುದಿಲ್ಲ. ಹೋದುದು ಮರಳಿ ಬಾರದು, ಔಷಧದ ಹನಿಗಳಿಂದ ಇರುವುದನ್ನು ಕಾಪಾಡಲು ಯತ್ನಿಸಬಹುದು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮನೆತನದಲ್ಲಿ ಯಾರಿಗಾದರೂ ಈ ರೋಗವಿದ್ದರೆ ನಲವತ್ತು ದಾಟಿದ ಉಳಿದವರು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸೆಂಬ ಮಾತನ್ನು ಇಲ್ಲಿಯೇ ಸೇರಿಸುವೆವು.

ಅಂದು ಬಸ್ಸಿನಲ್ಲಿ ಹಿಂದಿರುಗುವಾಗ, ಯಾವ ಕ್ಷೇತ್ರಕ್ಕೆ ಹೋಗಿಬರೋಣವೆಂದು ನಾವು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಶಿ ರಾಮೇಶ್ವರಗಳು ಬೇಡ. ಹೊತ್ತು ಕಡಲಿಗೆ ಇಳಿಯುವುದನ್ನು ಕೂತು ನೋಡಬೇಕು. ಒಂದೇ ಕಡೆಯಿಂದಲ್ಲ, ಬೇರೆ ಬೇರೆ ಕಡೆಗಳಿಂದ" ಎಂದರು. ಹೀಗೆ ನಮ್ಮ ಸಂಚಾರ ಮೊದಲಾಯಿತು. ಉಳ್ಳಾಲದಿಂದ ಕಾರವಾರದ ವರೆಗಿನ, ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ಈ ತೀರದಲ್ಲಿ ಬಸ್ಸು ಹೋಗುವ ಕಡೆಗಳಿಗೆಲ್ಲ ಎರಡು ವರ್ಷ ತಿರುಗಿದೆವು.

ಮೊದಲನೆಯದಾಗಿ ದಿಕ್ಕಿನ ವಿಚಾರ. ಸೂರ್ಯನು ಪಶ್ಚಿಮದಲ್ಲಿ ಮುಳುಗುವನೆಂದು ನಾವು ಮಕ್ಕಳಿಗೆ ಹೇಳಿಕೊಡುವೆವಷ್ಟೆ. ನೇರ ಪಶ್ಚಿಮದಲ್ಲಿ ಅವನು ಮುಳುಗುವುದು ವರ್ಷದಲ್ಲಿ ಎರಡೇ ಸಲ, ಮಾರ್ಚಿ ೨೧ರ ಸುಮಾರಿಗೆ ಮತ್ತು ಸೆಪ್ಟೆಂಬರ್ ೨೩ರ ಸುಮಾರಿಗೆ. ನಮ್ಮ ಅಕ್ಷಾಂಶದಲ್ಲಿ ಜೂನಿನ ಕೊನೆಯ ಭಾಗದಲ್ಲಿ ಅವನು ಪಶ್ಚಿಮದಿಂದ ಉತ್ತರಕ್ಕೆ ೨೪ ಅಂಶ ಸರಿಯುವನು. ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ತೋಳನ್ನು ಪೂರ್ಣವಾಗಿ ನೀಡಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಹೆಚ್ಚುಕಡಿಮೆ ೧೦ ಅಂಶ. ಅಂದರೆ ಪಡುವಣಕ್ಕೆ ಮುಖ ಮಾಡಿ ನಿಂತವನಿಗೆ ಎಡಕ್ಕೆ ಎರಡೂವರೆ ಮುಷ್ಟಿ, ಬಲಕ್ಕೆ ಎರಡೂವರೆ ಮುಷ್ಟಿ. ಈ ಐದು ಮುಷ್ಟಿಗಳ ಅಂಗಳದಲ್ಲಿ ಸೂರ್ಯನು ವರ್ಷವಿಡೀ ಹೋಗಿ ಬರುತ್ತಿರುವನು. ಬಲಗಡೆಯ ಅರ್ಧದಲ್ಲಿ ಅವನಿರುವ ಕಾಲದ ಬಹುಭಾಗವನ್ನು, ಜೂನಿನಿಂದ ಸೆಪ್ಟೆಂಬರಿನ ವರೆಗೆ, ಮಳೆಗಾಲದ ಮೋಡ ನುಂಗಿಬಿಡುತ್ತದೆ. ಶುಭ್ರವಾದ ಸಂಜೆಗಳೆಲ್ಲ ಅವನು ಎಡಗಡೆಯಲ್ಲಿರುವಾಗಲೇ ಹೆಚ್ಚು. ಆದುದರಿಂದ ಜಾಗವನ್ನು ಆರಿಸುವವರು ಎಡಗೈಯ ಕಡೆ, ಎಂದರೆ ತೆಂಕಣ ಕಡೆ, ಗುಡ್ಡವಾಗಲಿ ಬಂದರಿನ ಕಟ್ಟೆಯಾಗಲಿ ಅಡ್ಡ ಬಾರದಂತೆ ನೋಡಿಕೊಳ್ಳಬೇಕು. ಬಲಗಡೆ ಮುಚ್ಚಿದ್ದರೆ ಅಷ್ಟು ನಷ್ಟವಿಲ್ಲ. ನಮ್ಮ ತೀರವು ನೆಟ್ಟಗೆ ಉತ್ತರ ದಕ್ಷಿಣವಾಗಿರದೆ ವಾಯವ್ಯದ ಕಡೆಗೆ ಕೊಂಚ ವಾಲಿರುವುದರಿಂದ, ಡಿಸೆಂಬರಿನಲ್ಲಿ ತೆಂಗಿನ ತೋಟಕ್ಕೆ ಬೆನ್ನು ಕೊಟ್ಟು ನಿಂತವನ ಮೂಗಿನ ನೇರಕ್ಕೇ ಸೂರ್ಯನು ಇಳಿಯುತ್ತಾನೆ. ಒಂದು ತಿಂಗಳಿನಲ್ಲಿ ಮೆಚ್ಚಿದ ಜಾಗ ಮತ್ತೊಂದು ತಿಂಗಳಿನಲ್ಲಿ ಸಪ್ಪೆಯಾಗಿ ತೋರುವುದಕ್ಕೆ ಕಾರಣವಿದೇ ಹೊರತು ಜಾಗದ ದೋಷವಲ್ಲ.

ಗಂಟೆಯ ವಿಷಯವನ್ನೂ ಹೇಳಿಬಿಡುವೆವು. ಉಡುಪಿಯ ಆಸುಪಾಸಿನಲ್ಲಿ ಸೂರ್ಯಾಸ್ತಮಯವು ಸಂಜೆ ೬ರಿಂದ ೭ರ ವರೆಗೆ ವರ್ಷದಲ್ಲಿ ತೂಗಾಡುತ್ತದೆ. ಅತ್ಯಂತ ಬೇಗನೆ ಕತ್ತಲಾಗುವುದು ಡಿಸೆಂಬರಿನಲ್ಲಿ ಅಲ್ಲ, ನವೆಂಬರಿನ ಉತ್ತರಾರ್ಧದಲ್ಲಿ. ಗಡಿಯಾರವಿಲ್ಲದವರಿಗೆ ಮುಷ್ಟಿಯೇ ಸಾಕು. ಸೂರ್ಯನಿಗೂ ಕಡಲಿಗೂ ನಡುವೆ ಒಂದು ಮುಷ್ಟಿ ಹಿಡಿದರೆ ಇನ್ನು ಸುಮಾರು ೪೦ ನಿಮಿಷ ಉಳಿದಿದೆಯೆಂದು ತಿಳಿಯಬಹುದು. ಕೆಳಗಿನ ಅಂಚು ನೀರಿಗೆ ತಗಲಿದ ಮೇಲೆ ಮಾತ್ರ ಎಲ್ಲವೂ ಎರಡು, ಎರಡೂವರೆ ನಿಮಿಷಗಳಲ್ಲಿ ಮುಗಿಯುತ್ತದೆ. ಇದರಲ್ಲಿ ಒಂದು ಬೆಡಗೂ ಉಂಟು. ಭೂಮಿಯ ಗಾಳಿಯ ಹೊದಿಕೆಯು ಬೆಳಕನ್ನು ಬಗ್ಗಿಸುವುದರಿಂದ ದಿಗಂತದಲ್ಲಿ ಸೂರ್ಯಬಿಂಬವು ತನ್ನ ಗಾತ್ರದಷ್ಟು ಮೇಲಕ್ಕೆ ಎತ್ತಿ ತೋರುತ್ತದೆ. ಬಿಂಬ ನೀರನ್ನು ಮುಟ್ಟಿತೆಂದು ನಾವು ಅನ್ನುವಾಗ ಸೂರ್ಯನು ಗಣಿತದ ಪ್ರಕಾರ ಆಗಲೇ ಪೂರ್ತಿಯಾಗಿ ಮುಳುಗಿರುವನು. ವೇದಾಂತದ ಪಾಠವನ್ನು ಹೇಳುವವರಿಗೆ ಹಗ್ಗಹಾವುಗಳ ಜೊತೆಗೆ ಇದೂ ಒಂದು ದೃಷ್ಟಾಂತವಾಗಬಹುದು.

ಎರಡನೆಯದು ಎತ್ತರದ ವಿಚಾರ. ಮರಳಿನ ಮೇಲೆ ನಿಂತವನಿಗೆ ಕಡಲಿನ ಅಂಚು ಐದು ಕಿಲೋಮೀಟರಿನ ಒಳಗೇ ಇರುತ್ತದೆ. ೩೦ ಮೀಟರ್ ಮೇಲೇರಿದರೆ ಅದು ಇಪ್ಪತ್ತು ಕಿಲೋಮೀಟರಿಗೆ ಹಿಂದೆ ಸರಿಯುತ್ತದೆ, ಸೂರ್ಯನೂ ಅರ್ಧ ನಿಮಿಷದಷ್ಟು ತಡವಾಗಿ ಮುಳುಗುತ್ತಾನೆ. ಕಾಪುವಿನಲ್ಲಿ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವು ಕಡಲಿನ ಅಂಚಿನ ಹೆಬ್ಬಂಡೆಯ ಮೇಲೆ ನಿಂತಿದೆ. ಸ್ತಂಭವನ್ನು ಏರಲಾರದವರಿಗೆ ಆ ಬಂಡೆಯೇ ಸಾಕು. ಬೈಂದೂರಿನ ಒತ್ತಿನೆಣೆಯ ಗುಡ್ಡ ಇನ್ನೂ ಎತ್ತರವಾದುದು. ಅಲ್ಲಿಂದ ನದಿಯು ಕಡಲಿಗೆ ಸೇರುವ ಮರಳುದಂಡೆ, ಆಚೆಯ ನೀಲಿ, ಎಲ್ಲವೂ ಒಂದು ಚಿತ್ರಪಟದಂತೆ ಕೆಳಗೆ ಹರಡಿರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವ ಗೃಹಸ್ಥರು ಮರಳಿನ ಮೇಲೆಯೇ ಒಂದು ಆಟವನ್ನು ಆಡಿಸಬಹುದು. ನೀರಿನ ಸಮೀಪ ಮಂಡಿಯೂರಿ ತಲೆಯನ್ನು ತಗ್ಗಿಸಿ ಕೂತು ನೋಡುತ್ತಿದ್ದು, ಬಿಂಬದ ಕೊನೆಯ ಕಿಡಿ ಮರೆಯಾದ ಕ್ಷಣದಲ್ಲಿ ಥಟ್ಟನೆ ಎದ್ದು ನಿಂತರೆ ಆ ಕಿಡಿ ಎರಡು ಮೂರು ಎಣಿಸುವಷ್ಟು ಹೊತ್ತು ಮತ್ತೆ ಕಾಣಿಸುತ್ತದೆ. ಭೂಮಿ ಗುಂಡಾಗಿದೆಯೆಂಬುದಕ್ಕೆ ಇದಕ್ಕಿಂತ ಸುಲಭವಾದ ಪ್ರಮಾಣವನ್ನು ನಾವು ತರಗತಿಯಲ್ಲಿ ಕೊಡಲಾರೆವು.

ಮೂರನೆಯದು ಬೆಳಗಿನ ವಿಚಾರ. ಪಡುಗಡಲಿನ ತೀರದಲ್ಲಿ ಸೂರ್ಯೋದಯವೇನು ಚೆಂದವೆಂದು ಹಲವರು ತಾತ್ಸಾರ ಮಾಡುವುದುಂಟು. ಕನ್ಯಾಕುಮಾರಿಯಲ್ಲಿ ಉದಯವನ್ನೂ ಅಸ್ತವನ್ನೂ ನೀರಿನ ಮೇಲೆಯೇ ಕಾಣಬಹುದೆಂಬುದು ನಿಜ. ಆದರೆ ಅಲ್ಲಿಯೂ ಕಡಲಿನಲ್ಲಿ ಅಸ್ತಮಯ ಚೆನ್ನಾಗಿ ಕಾಣುವುದು ಸೂರ್ಯನು ದಕ್ಷಿಣಕ್ಕೆ ಸರಿದ ತಿಂಗಳುಗಳಲ್ಲಿ ಮಾತ್ರ. ಅಷ್ಟು ದೂರ ಹೋಗಲಾರದವರಿಗೆ ಮರವಂತೆ ಇದೆ. ಅಲ್ಲಿ ರಾಷ್ಟ್ರೀಯ ಹೆದ್ದಾರಿ ೬೬ರ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ನಡುವೆ ಸಪುರವಾದ ನೆಲದ ಪಟ್ಟಿ. ಬೆಳಗ್ಗೆ ನದಿಯ ಕಡೆಗೆ ಮುಖ ಮಾಡಿ ಕುಳಿತರೆ ಘಟ್ಟಗಳ ಸಾಲಿನ ಮೇಲಿಂದ ಸೂರ್ಯನು ಏರಿ, ಅಲೆಯಿಲ್ಲದ ನೀರಿನಲ್ಲಿ ಇನ್ನೊಬ್ಬ ಸೂರ್ಯನನ್ನು ಇಳಿಸುತ್ತಾನೆ. ಆ ಹೊತ್ತಿಗೆ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುವುದರಿಂದ ಹಿಂದಿನ ಕಡಲೂ ಶಾಂತವಾಗಿರುತ್ತದೆ. ಮಲೆಯ ಅಡ್ಡಿಯಿಂದ ಸೂರ್ಯನು ಪಂಚಾಂಗದ ಗಳಿಗೆಗಿಂತ ಕೆಲವು ನಿಮಿಷ ತಡವಾಗಿ ಬರುತ್ತಾನೆ. ಅಷ್ಟರಲ್ಲಿ ಆಕಾಶ ಪೂರ್ತಿ ಬೆಳಗಿರುತ್ತದೆ. ೧೩೪೩ ಮೀಟರ್ ಎತ್ತರದ ಕೊಡಚಾದ್ರಿ ಅಲ್ಲಿಂದ ಈಶಾನ್ಯಕ್ಕಿದೆ. ಸೂರ್ಯನು ಎಷ್ಟೇ ಉತ್ತರಕ್ಕೆ ಸರಿದರೂ ಪೂರ್ವದಿಂದ ೨೪ ಅಂಶಕ್ಕಿಂತ ಆಚೆಗೆ ಹೋಗನಾದುದರಿಂದ, ಮರವಂತೆಯವರಿಗೆ ಅವನು ಆ ಶಿಖರದ ಹಿಂದಿನಿಂದ ಮೂಡುವುದು ಎಂದಿಗೂ ಇಲ್ಲ. ಕಾರವಾರದ ಕಡೆಗೆ ಹೋದ ಹಾಗೆ ಗುಡ್ಡಗಳು ಕಡಲಿಗೇ ಒತ್ತಿಕೊಂಡು ಬರುವುದರಿಂದ ಬೆಳಗು ಇನ್ನೂ ನಿಧಾನ. ಆದರೆ ಸಂಜೆಯ ಕೊಲ್ಲಿ, ಅದರ ದ್ವೀಪಗಳು ಆ ಕೊರತೆಯನ್ನು ತುಂಬಿಕೊಡುತ್ತವೆ. ೧೮೮೦ರ ದಶಕದ ಆದಿಯಲ್ಲಿ ತರುಣ ರವೀಂದ್ರನಾಥ ಠಾಕೂರರು ಅಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನ ಮನೆಯಲ್ಲಿ ತಂಗಿದ್ದರು. ಅಲ್ಲಿನ ಕಡಲತೀರಕ್ಕೆ ಇಂದು ಅವರದೇ ಹೆಸರು.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ನೋಡತಕ್ಕವೇ ಸರಿ. ಆದರೆ ಅಸ್ತಮಯಕ್ಕಾಗಿ ಅಲ್ಲಿಗೆ ಹೋಗಬೇಕೆನ್ನುವವರು ದೋಣಿಗಳು ಹೊತ್ತು ಮುಳುಗುವ ಮುಂಚೆಯೇ ಹಿಂದಿರುಗುವುದನ್ನೂ ಮಳೆಗಾಲದಲ್ಲಿ ಹೊರಡದಿರುವುದನ್ನೂ ನೆನಪಿಡಬೇಕು. ಪ್ರಸಿದ್ಧವಾದ ಜಾಗವೆಲ್ಲ ಈ ಕಾರ್ಯಕ್ಕೆ ಒದಗಿಬರುವುದಿಲ್ಲ. ಒಂದು ಊರಿಗೆ ಹೋದಾಗ ನಾವು ಮೊದಲು ವಿಚಾರಿಸುತ್ತಿದ್ದುದು ಮೀನುಗಾರರನ್ನು. ಕೈರಂಪಣಿಯ ಬಲೆಯನ್ನು ಎಳೆಯುವವರಿಗೆ ಯಾವ ಬಂಡೆ ಜಾರುತ್ತದೆ, ಯಾವ ಕಡೆ ಸೆಳೆತವಿದೆ, ಯಾವ ದಿನ ಮಬ್ಬು ಕವಿಯುತ್ತದೆ ಎಂಬುದೆಲ್ಲ ಗೊತ್ತು. ಅವರ ಬಲೆಯ ಮೇಲೆ ಕಾಲಿಡದೆ, ದೋಣಿಯ ಮೇಲೆ ಕೂರದೆ, ಮರ್ಯಾದೆಯಿಂದ ಕೇಳಿದವರಿಗೆ ಅವರು ಹೇಳದಿದ್ದುದನ್ನು ನಾವು ಕಾಣೆವು.

ಇಷ್ಟೆಲ್ಲ ಲಕ್ಷಣಗಳನ್ನು ಕಲೆಹಾಕಿದ ಮೇಲೆಯೂ, ನಮ್ಮ ಮನೆಯಾಕೆಗೆ ಒಪ್ಪುವ ಜಾಗದ ಲಕ್ಷಣ ಬೇರೆಯೇ ಆಗಿತ್ತು. ಒತ್ತಿನೆಣೆಯ ಮೇಲೆ ನಿಂತು ನಾವು ಆ ವಿಸ್ತಾರವನ್ನು ಹೊಗಳುತ್ತಿರಲು ಆಕೆ, "ನನಗೆ ಒಂದು ಹಿಡಿ ಮಾತ್ರ ಕಾಣುತ್ತದೆ, ಉಳಿದುದನ್ನು ನೀವು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ" ಎಂದರು. ಅಂಚಿನ ನೋಟ ಹೋದವರಿಗೆ ವಿಶಾಲವಾದ ಕಡಲು ಸಿಕ್ಕುವುದಿಲ್ಲ. ಅದನ್ನು ಚೂರುಚೂರಾಗಿ ಹುಡುಕಬೇಕಾಗುತ್ತದೆ. ಅನಂತರ ನಾವು ವಿಸ್ತಾರವನ್ನು ಬಿಟ್ಟು ಚೌಕಟ್ಟುಗಳನ್ನು ಅರಸತೊಡಗಿದೆವು. ಗೋಕರ್ಣದ ಕುಡ್ಲೆ ತೀರದಲ್ಲಿ ಎರಡು ಕಡೆಯೂ ಗುಡ್ಡದ ಮೂಗು ಕಡಲಿಗೆ ಚಾಚಿದೆ. ನಡುವಿನ ನೀರು ಬಾಗಿಲಿನಂತೆ ತೆರೆದಿದೆ. ಅಲ್ಲಿ ಜನವರಿಯ ಒಂದು ಸಂಜೆ ಆಕೆ ತಲೆಯನ್ನು ಅತ್ತಿತ್ತ ತಿರುಗಿಸದೆ ಮೊದಲಿನಿಂದ ಕೊನೆಯ ವರೆಗೆ ನೋಡಿದರು. ಕೆಂಪು ಬಿಂಬ ಕೆಳಗಡೆ ಚಪ್ಪಟೆಯಾದುದು, ಒಂದು ದೋಣಿ ಅದರ ಮುಂದೆ ಹಾಯ್ದುದು, ಕೊನೆಗೆ ಉಳಿದ ಗೆರೆ, ಎಲ್ಲವನ್ನೂ ನಮಗೇ ಎಣಿಸಿ ಹೇಳಿದರು. ಹಿಂದಿರುಗುವ ದಾರಿಯ ಮೆಟ್ಟಿಲುಗಳಲ್ಲಿ ಕೈ ಹಿಡಿದುಕೊಂಡಿದ್ದರೂ ಆಕೆಯ ಹೆಜ್ಜೆ ಹಗುರಾಗಿತ್ತು. ಕಣ್ಣು ಮಂದವಾದವರನ್ನು ಕರೆದೊಯ್ಯುವವರು ಇಂತಹ ಚೌಕಟ್ಟನ್ನೇ ಹುಡುಕಲಿ. ಮಂಡಿನೋವಿನವರಾದರೆ ರಸ್ತೆಯ ಪಕ್ಕದ ಮರವಂತೆಯೇ ಲೇಸು.

ನಮ್ಮ ಸಹಪಾಠಿಗಳಾದ ಒಬ್ಬ ಶಾಸ್ತ್ರಿಗಳು ಈ ಸಂಚಾರವನ್ನು ಕೇಳಿ ನಕ್ಕರು. ಉದಯಿಸುವ ಸೂರ್ಯನನ್ನೂ ಅಸ್ತಮಿಸುವ ಸೂರ್ಯನನ್ನೂ ನೋಡಕೂಡದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಸ್ನಾತಕವ್ರತಗಳಲ್ಲಿ ಹೇಳಿರುವುದನ್ನು ಅವರು ಎತ್ತಿ ತೋರಿಸಿದರು. ಮಾತು ಅಲ್ಲಿರುವುದು ನಿಜ. ಗ್ರಹಣಕಾಲದ ಸೂರ್ಯನನ್ನೂ ನಡುಹಗಲಿನ ಸೂರ್ಯನನ್ನೂ ನೀರಿನಲ್ಲಿ ತೋರುವ ಬಿಂಬವನ್ನೂ ಅದೇ ನಿಯಮ ನಿಷೇಧಿಸುತ್ತದೆ. ಇದನ್ನು ನಾವು ಕಣ್ಣಿನ ರಕ್ಷಣೆಗೆ ಹೇಳಿದ ಮಾತೆಂದು ತಿಳಿಯುವೆವು. ಬಿಂಬವು ಕೆಂಪಾಗಿ, ತಂಪಾಗಿ, ಕಣ್ಣನ್ನು ಕುಕ್ಕದಂತಾಗುವ ವರೆಗೆ ಅದನ್ನು ನೇರವಾಗಿ ದಿಟ್ಟಿಸಬಾರದು. ಕೆಂಪಾದ ಮೇಲೆಯೂ ನೋಟವನ್ನು ಆಗಾಗ ತಪ್ಪಿಸುತ್ತಿರಬೇಕು. ದುರ್ಬೀನಿನಲ್ಲಿ ಸೂರ್ಯನನ್ನು ಎಂದಿಗೂ ನೋಡಕೂಡದು. ನಮ್ಮ ವೈದ್ಯರ ಮಾತೂ ಇದೇ. ಆದರೆ ಋಗ್ವೇದದಲ್ಲಿ ಉಷೋದೇವಿಗೆ ಸುಮಾರು ಇಪ್ಪತ್ತು ಸೂಕ್ತಗಳಿರುವುವೆಂಬುದನ್ನು ಶಾಸ್ತ್ರಿಗಳೂ ಬಲ್ಲರು. ಬೆಳಗಿನ ಆಕಾಶವನ್ನು ದಿನದಿನವೂ ನೋಡದವರು ಅಷ್ಟು ಸೂಕ್ತಗಳನ್ನು ಕಂಡಿರಲಾರರು. ಇದನ್ನು ಕೇಳಿ ಅವರು ವಾದವನ್ನು ಬಿಟ್ಟು, ಮುಂದಿನ ಸಲ ತಮ್ಮನ್ನೂ ಕರೆಯಬೇಕೆಂದರು.

ಮರವಂತೆಯಲ್ಲಿ ತೆರೆಗಳನ್ನು ತಡೆಯಲು ಹಾಕಿರುವ ಕಲ್ಲುಗಳಿವೆ. ಒಂದೇ ಜಾಗದಲ್ಲಿ ಕುಳಿತು, ಆ ಕಲ್ಲುಗಳಲ್ಲಿ ಒಂದನ್ನು ಗುರುತಿಟ್ಟುಕೊಂಡು ಡಿಸೆಂಬರಿನ ಸಂಜೆಗಳಲ್ಲಿ ನೋಡುತ್ತ ಬಂದರೆ ಸೂರ್ಯನು ಎಡಕ್ಕೆ ಸರಿಯುತ್ತ, ೨೧, ೨೨ನೆಯ ತಾರೀಖಿನ ಸುಮಾರಿಗೆ ನಿಂತಂತಾಗಿ, ಬಳಿಕ ಬಲಕ್ಕೆ ತಿರುಗುವುದು ಕಾಣುತ್ತದೆ. ಅದೇ ಉತ್ತರಾಯಣದ ಆರಂಭ. ನಾವು ಎಳ್ಳು ಬೆಲ್ಲ ಹಂಚುವ ಮಕರ ಸಂಕ್ರಾಂತಿಯು ಜನವರಿ ೧೪, ೧೫ಕ್ಕೆ ಬರುವುದು, ನಿರಯನ ಪಂಚಾಂಗವು ರಾಶಿಗಳನ್ನು ನಕ್ಷತ್ರಗಳಿಂದ ಎಣಿಸುವ ಕಾರಣದಿಂದ. ವಿಷುವಬಿಂದುವು ಹಿಂದೆ ಸರಿಯುತ್ತ ಬಂದು ಈಗ ಎರಡಕ್ಕೂ ಸುಮಾರು ೨೪ ಅಂಶಗಳ ಅಂತರವಾಗಿದೆ. ಪಾಠದಲ್ಲಿ ಎಷ್ಟೋ ಸಾರಿ ಹೇಳಿದ ಈ ವಿಷಯವನ್ನು ಕಲ್ಲಿನ ಗುರುತಿನಿಂದ ಕಂಡಾಗ ನಮಗಾದ ಸಂತೋಷ ಬೇರೆಯೇ.

ಬಿಂಬ ಮರೆಯಾದೊಡನೆ ಜನರು ಎದ್ದು ಹೊರಡುವರು. ಇನ್ನೂ ಕಾಲು ಗಂಟೆ ಕೂರಬೇಕೆಂದು ನಮ್ಮ ವಿಜ್ಞಾಪನೆ. ಮೋಡಗಳಿಗೆ ಅತ್ಯುತ್ತಮವಾದ ಬಣ್ಣ ಏರುವುದು ಆಗಲೇ. ಒಮ್ಮೆ ಬೆನ್ನ ಹಿಂದೆಯೂ ತಿರುಗಿ ನೋಡಬೇಕು. ಘಟ್ಟದ ಮೇಲೆ ನಸುನೀಲಿಯ ಒಂದು ಪಟ್ಟಿ, ಅದರ ಮೇಲೆ ನಸುಗೆಂಪು ಅಂಚು ಏರುತ್ತಿರುವುದು. ಆ ನೀಲಿ ಭೂಮಿಯ ನೆರಳು. ಹುಣ್ಣಿಮೆಯ ದಿನವಾದರೆ ಸೂರ್ಯನು ಕಡಲಿಗೆ ಇಳಿಯುವ ವೇಳೆಗೆ ಸರಿಯಾಗಿ ಚಂದ್ರನು ಆ ಕಡೆಯಿಂದ ಹೊರಡುತ್ತಾನೆ. ಮರವಂತೆಯಲ್ಲಿ ಕುಳಿತವನು ತಲೆ ತಿರುಗಿಸಿದಷ್ಟರಿಂದಲೇ ಕಡಲಿನ ಕೆಂಪನ್ನೂ ನದಿಯ ಬೆಳ್ಳಿಯನ್ನೂ ಕಾಣಬಹುದು.

ಈಗ ನಮ್ಮ ಮನೆಯಾಕೆಗೆ ಬಿಂಬ ಕಾಣುವುದಿಲ್ಲ. ಬೆಳಕು ಎಲ್ಲಿದೆಯೆಂಬುದು ಮಾತ್ರ ತಿಳಿಯುತ್ತದೆ. ಆದರೂ ವಾರಕ್ಕೊಮ್ಮೆ ಮರವಂತೆಗೆ ಹೋಗುವುದನ್ನು ಬಿಟ್ಟಿಲ್ಲ. ಆಕೆ "ಎಷ್ಟು ಉಳಿದಿದೆ?" ಎನ್ನುವರು, ನಾವು "ಅರ್ಧ", "ಕಾಲು" ಎಂದು ಹೇಳುತ್ತಿರುವೆವು. ಮೊನ್ನೆ ನಾವು ಬಾಯಿ ತೆರೆಯುವ ಮುಂಚೆಯೇ "ಹೋಯಿತು" ಎಂದರು. ಹೇಗೆ ತಿಳಿಯಿತೆಂದು ಕೇಳಲು, "ಸುತ್ತಲಿನವರ ಮಾತು ನಿಂತಿತಲ್ಲ" ಎಂದು ಉತ್ತರ ಬಂದಿತು. ಅಂದಿನಿಂದ ನಾವೂ ಕಿವಿಗೊಟ್ಟು ಕೇಳುತ್ತಿದ್ದೇವೆ. ಮಾತು ನಿಲ್ಲುವುದು ನಿಜ. ವೈದಿಕ ಭಾಷೆಯಲ್ಲಿ ಅಸ್ತವೆಂದರೆ ಮನೆ. ಮುಳುಗುವನೆಂದು ನಾವನ್ನುವ ಸೂರ್ಯನು ಆ ಹಳೆಯ ಮಾತಿನಲ್ಲಿ ಮನೆಗೆ ಹೋಗುವವನು. ಈ ಅರ್ಥವನ್ನು ಹೇಳಿದಾಗ ಆಕೆ, "ಹಾಗಾದರೆ ಅವನ ಮನೆಯಲ್ಲಿ ದೀಪ ಹಚ್ಚುವವರು ಯಾರು?" ಎಂದು ಕೇಳಿದರು. ನಿಘಂಟಿನಲ್ಲಿ ಅದಕ್ಕೆ ಉತ್ತರವಿಲ್ಲ.

ಕಡಲಿಗೆ ಹತ್ತಿರದಲ್ಲಿ ವಾಸಿಸುವ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಮಳೆ ಕಳೆದು ಆಕಾಶ ತಿಳಿಯಾದ ಮೇಲೆ, ಪಂಚಾಂಗದಲ್ಲಿ ಹುಣ್ಣಿಮೆಯನ್ನು ನೋಡಿಕೊಂಡು, ಅಂದು ಹಸುವನ್ನು ಒಂದು ಗಳಿಗೆ ಮುಂಚೆ ಕಟ್ಟಿ, ಅಡಿಗೆಯನ್ನು ಮಧ್ಯಾಹ್ನವೇ ಮುಗಿಸಿ, ಮನೆಯ ಹೆಂಗಸರನ್ನೂ ವೃದ್ಧರನ್ನೂ ಕರೆದುಕೊಂಡು ತೀರಕ್ಕೆ ಹೋಗಲಿ. ಕೂರಲು ಒಂದು ಚಾಪೆ, ಹಿಂದಿರುಗಲು ಒಂದು ದೀಪ, ಮಕ್ಕಳಿಗೆ ಸ್ವಲ್ಪ ಅವಲಕ್ಕಿ, ಇಷ್ಟು ಸಾಕು. ದೇವರ ದೀಪವನ್ನು ಅಂದೊಂದು ದಿನ ಅರ್ಧ ಗಂಟೆ ತಡವಾಗಿ ಹಚ್ಚಿದರೆ ದೋಷವಿಲ್ಲವೆಂದು ನಮ್ಮ ಶಾಸ್ತ್ರಿಗಳೂ ಒಪ್ಪಿರುವರು.